ವಿಶ್ವಾಸವು ಪಿತ್ರಾರ್ಜಿತ ಆಸ್ತಿಯಲ್ಲ

ತಂದೆ-ತಾಯಿ ತೀರಿಹೋದ ಬಳಿಕ ಅವರು ಬಿಟ್ಟುಹೋದ ಸೊತ್ತಿನಲ್ಲಿ ಯಾರಿಗೆಷ್ಟು ಪಾಲು ಎಂಬುದನ್ನು ಪವಿತ್ರ ಕುರ್‌ಆನ್ ಅತ್ಯಂತ ಸೂಕ್ಷ್ಮವಾಗಿ ವಿಧಿಸಿದೆ. ಮೂರನೆಯ ಎರಡು, ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು, ಆರನೆಯ ಒಂದು, ಎಂಟನೆಯ ಒಂದು ಎಂದು ಅನ್ನಿಸಾ ಅಧ್ಯಾಯದ ಎರಡು ಸೂಕ್ತಗಳು (4:11-12) ಲೆಕ್ಕವನ್ನು ಬಿಡಿಸಿಟ್ಟಿವೆ. ಹೊಲ, ಮನೆ, ಅಂಗಡಿ, ಬಂಗಾರ ಎಲ್ಲಕ್ಕೂ ಪಾಲುಂಟು. ಆದರೆ ತಂದೆಯ ಈಮಾನಿನಲ್ಲಿ ಮಗನಿಗೆ ಇಷ್ಟು, ಮಗಳಿಗೆ ಇಷ್ಟು ಎಂದು ಹೇಳುವ ಸೂಕ್ತ ಇಡೀ ಕುರ್‌ಆನಿನಲ್ಲಿ ಒಂದೂ ಇಲ್ಲ. ಏಕೆಂದರೆ ವಿಶ್ವಾಸವು ಹಂಚಿಕೆಯಾಗುವ ವಸ್ತುವಲ್ಲ. ಪ್ರತಿಯೊಬ್ಬನೂ ಅದನ್ನು ಸ್ವತಃ ಸಂಪಾದಿಸಬೇಕು.

ಚಳ್ಳಕೆರೆ ಮತ್ತು ಮೊಳಕಾಲ್ಮೂರಿನ ನಮ್ಮ ಜನರಿಗೆ ಇದನ್ನು ಅರ್ಥ ಮಾಡಿಸಲು ದೂರದ ಉದಾಹರಣೆ ಬೇಕಾಗಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹೆಸರು ನಾಡಿಗೆಲ್ಲ ಗೊತ್ತು. ನೇಕಾರನ ಮಗನಿಗೆ ತಂದೆಯಿಂದ ಮಗ್ಗ ಬರುತ್ತದೆ, ಲಾಳಿ ಬರುತ್ತದೆ, ಮನೆತನದ ಹೆಸರೂ ಬರುತ್ತದೆ. ಆದರೆ ನೇಯ್ದ ಸೀರೆ ಬರುವುದಿಲ್ಲ. ಮಗ್ಗದ ಮುಂದೆ ಕುಳಿತು, ಎಳೆ ಕಡಿದಾಗ ಗಂಟು ಹಾಕಿ, ತನ್ನ ಕೈಕಾಲುಗಳಿಂದಲೇ ಅವನು ಹಾಸು-ಹೊಕ್ಕುಗಳನ್ನು ಕೂಡಿಸಬೇಕು. ತಂದೆಯ ಮಗ್ಗವನ್ನು ಅಟ್ಟದ ಮೇಲಿಟ್ಟು, ‘ನಾವು ನೇಕಾರರು’ ಎಂದು ಹೇಳಿಕೊಳ್ಳುವವನಿಗೆ ಮಾರುಕಟ್ಟೆಯಲ್ಲಿ ಯಾರೂ ಬೆಲೆ ಕೊಡುವುದಿಲ್ಲ. ದುರದೃಷ್ಟವಶಾತ್ ನಮ್ಮ ಸಮುದಾಯದಲ್ಲಿ ದೀನಿನ ವಿಷಯದಲ್ಲಿ ಮಾತ್ರ ಹೀಗೆ ಹೇಳಿಕೊಳ್ಳುವವರಿಗೆ ತುಂಬು ಗೌರವ ಸಿಗುತ್ತಿದೆ.

ಈ ಮಾತನ್ನು ಈಗ ಹೇಳಲು ಕಾರಣವಿದೆ. ನಮ್ಮ ಎರಡೂ ತಾಲೂಕುಗಳ ಮಕ್ಕಳು ಇಂದು ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ, ಬೆಂಗಳೂರುಗಳ ಕಾಲೇಜು ಮತ್ತು ಹಾಸ್ಟೆಲುಗಳಲ್ಲಿದ್ದಾರೆ. ಅಲ್ಲಿ ಅವರಿಗೆ ಎಲ್ಲ ಧರ್ಮಗಳ ಸ್ನೇಹಿತರಿದ್ದಾರೆ. ಅವರಲ್ಲಿ ಕೆಲವು ಕ್ರೈಸ್ತ ಯುವಕ-ಯುವತಿಯರು ಒಂದು ವಿಶಿಷ್ಟ ರೀತಿಯಲ್ಲಿ ಮಾತನಾಡುತ್ತಾರೆ. ‘ನಮ್ಮ ಮನೆಯವರು ಕ್ರೈಸ್ತರು, ಅದಕ್ಕೆ ನಾನೂ ಕ್ರೈಸ್ತ’ ಎಂದು ಅವರು ಹೇಳುವುದಿಲ್ಲ. ‘ಇಂಥ ಹೊತ್ತಿನಲ್ಲಿ ನಾನೇ ಬೈಬಲನ್ನು ಓದಿದೆ, ನಾನೇ ಪ್ರಾರ್ಥಿಸಿದೆ, ನಾನೇ ನಿರ್ಧರಿಸಿದೆ’ ಎನ್ನುತ್ತಾರೆ. ಬಳಿಕ ಸಹಜವಾಗಿಯೇ ಕೇಳುತ್ತಾರೆ: ‘ನಿನ್ನ ವಿಶ್ವಾಸ ನಿನ್ನದೋ, ನಿನ್ನ ಅಪ್ಪನದೋ?’

ಈ ಪ್ರಶ್ನೆ ಮನೆಗೆ ತಲುಪಿದಾಗ ನಮ್ಮ ಹಿರಿಯರ ಪ್ರತಿಕ್ರಿಯೆ ಸಾಮಾನ್ಯವಾಗಿ ಎರಡು ಬಗೆಯದು. ಒಂದು, ಆ ಸ್ನೇಹವನ್ನೇ ಬಿಡು ಎಂಬ ಆಜ್ಞೆ. ಎರಡು, ಮುಸಲ್ಮಾನನ ಮಗನಿಗೆ ಇಂಥ ಪ್ರಶ್ನೆಯೇ ಬರಬಾರದು ಎಂಬ ಗದರಿಕೆ. ಈ ಎರಡನ್ನೂ ನಾವು ಸ್ಪಷ್ಟವಾಗಿ ವಿರೋಧಿಸುತ್ತೇವೆ. ಆ ಪ್ರಶ್ನೆ ನ್ಯಾಯವಾದುದು. ಕ್ರೈಸ್ತ ಗೆಳೆಯನ ಬಾಯಿಯಿಂದ ಬಂದಿತೆಂಬ ಮಾತ್ರಕ್ಕೆ ಅದು ಪರಕೀಯವಾಗುವುದಿಲ್ಲ. ಅದು ಮೊದಲಿನಿಂದಲೂ ಕುರ್‌ಆನಿನ ಪ್ರಶ್ನೆಯೇ ಆಗಿದೆ.

ಅಲ್ಲಾಹನು ಅವತೀರ್ಣಗೊಳಿಸಿದ್ದನ್ನು ಅನುಸರಿಸಿರಿ ಎಂದಾಗ, ನಮ್ಮ ಪೂರ್ವಿಕರು ನಡೆದ ದಾರಿಯಲ್ಲೇ ನಡೆಯುತ್ತೇವೆ ಎಂದು ಉತ್ತರಿಸಿದವರ ಬಗ್ಗೆ ಕುರ್‌ಆನ್ ಹೇಳಿದೆ. ಆ ಪೂರ್ವಿಕರು ಏನನ್ನೂ ಗ್ರಹಿಸದವರಾಗಿದ್ದರೂ ಹಾಗೆಯೇ ನಡೆಯುವಿರಾ ಎಂದು ಅದು ಅವರನ್ನು ಪ್ರಶ್ನಿಸಿದೆ (2:170). ಈ ಸೂಕ್ತವನ್ನು ನಾವು ಯಾವಾಗಲೂ ಇತರರ ಕಡೆಗೆ ಬೆರಳು ತೋರಿಸಿ ಓದುತ್ತೇವೆ. ಅದರ ತರ್ಕಕ್ಕೆ ಮಾತ್ರ ಜಾತಿ-ಕುಲಗಳ ಭೇದವಿಲ್ಲ. ಪೂರ್ವಿಕರ ಅನುಕರಣೆ ಮಕ್ಕಾದವರಿಗೆ ಪುರಾವೆಯಾಗದಿದ್ದರೆ ಚಳ್ಳಕೆರೆಯವರಿಗೂ ಆಗುವುದಿಲ್ಲ. ನಮ್ಮ ಪೂರ್ವಿಕರು ಸತ್ಯದ ಮೇಲಿದ್ದರು ಎಂಬುದು ನಿಜ. ಆದರೆ ಅವರು ಸತ್ಯದ ಮೇಲಿದ್ದರು ಎಂದು ನಮಗೆ ಗೊತ್ತಾದದ್ದು ಹೇಗೆ? ಅದಕ್ಕೆ ಉತ್ತರ ಹೇಳಲಾಗದವನು ಕೇವಲ ಅದೃಷ್ಟದಿಂದ ಸರಿಯಾದ ಮನೆಯಲ್ಲಿ ಹುಟ್ಟಿದ್ದಾನೆ, ಅಷ್ಟೆ. ಅರಿವಿಲ್ಲದ್ದನ್ನು ಹಿಂಬಾಲಿಸಬೇಡ, ಕಿವಿ, ಕಣ್ಣು, ಹೃದಯ ಪ್ರತಿಯೊಂದರ ಬಗೆಗೂ ವಿಚಾರಣೆ ನಡೆಯಲಿದೆ ಎಂಬ ಎಚ್ಚರಿಕೆಯೂ (17:36) ಅದೇ ಗ್ರಂಥದಲ್ಲಿದೆ. ಅಲ್ಲಿ ಹೇಳಿರುವುದು ನಮ್ಮ ಕಿವಿ-ಕಣ್ಣುಗಳನ್ನು ಕುರಿತು. ಅಜ್ಜನ ಕಿವಿ-ಕಣ್ಣುಗಳನ್ನು ಕುರಿತಲ್ಲ.

ಮರುಭೂಮಿಯ ಕೆಲವು ಅರಬರು ಬಂದು ತಾವು ವಿಶ್ವಾಸವಿರಿಸಿದ್ದೇವೆ ಎಂದಾಗ ಅವರಿಗೆ ಸಿಕ್ಕ ಉತ್ತರವನ್ನೂ ನೆನಪಿಸಿಕೊಳ್ಳೋಣ. ವಿಶ್ವಾಸವಿರಿಸಿದ್ದೇವೆ ಎನ್ನಬೇಡಿ, ಶರಣಾಗಿದ್ದೇವೆ ಎನ್ನಿರಿ, ವಿಶ್ವಾಸವು ನಿಮ್ಮ ಹೃದಯಗಳನ್ನು ಇನ್ನೂ ಪ್ರವೇಶಿಸಿಲ್ಲ ಎಂಬುದು ಅದರ ಸಾರ (49:14). ಅವರನ್ನು ಸಮುದಾಯದಿಂದ ಹೊರಗಟ್ಟಲಿಲ್ಲ. ಆದರೆ ಹೊರಬಾಗಿಲಲ್ಲಿ ನಿಂತವನು ‘ನಾನು ಒಳಮನೆಯಲ್ಲಿದ್ದೇನೆ’ ಎಂದು ಹೇಳಿಕೊಳ್ಳಲು ಅಲ್ಲಾಹನು ಬಿಡಲಿಲ್ಲ. ನಮ್ಮ ರೇಷನ್ ಕಾರ್ಡಿನಲ್ಲಿ, ಶಾಲಾ ದಾಖಲೆಯಲ್ಲಿ, ಜಮಾಅತಿನ ಪುಸ್ತಕದಲ್ಲಿ ಬರೆದಿರುವುದು ನಾವು ಹೊರಬಾಗಿಲಿಗೆ ಬಂದಿದ್ದೇವೆ ಎಂಬುದನ್ನು ಮಾತ್ರ.

ಪ್ರವಾದಿ ಇಬ್ರಾಹೀಮ್(ಅ)ರನ್ನು ನೋಡಿರಿ. ಸತ್ತವರನ್ನು ಹೇಗೆ ಜೀವಂತಗೊಳಿಸುವೆ ಎಂಬುದನ್ನು ತನಗೆ ತೋರಿಸು ಎಂದು ಅವರು ತಮ್ಮ ಪ್ರಭುವಿನಲ್ಲಿ ಬೇಡಿದರು. ನಿನಗೆ ವಿಶ್ವಾಸವಿಲ್ಲವೇ ಎಂಬ ಪ್ರಶ್ನೆ ಬಂದಾಗ, ವಿಶ್ವಾಸವಿದೆ, ಆದರೆ ನನ್ನ ಹೃದಯಕ್ಕೆ ಸಮಾಧಾನ ಬೇಕು ಎಂದರು (2:260). ಅಲ್ಲಾಹನು ಅವರನ್ನು ಗದರಲಿಲ್ಲ, ನಾಲ್ಕು ಹಕ್ಕಿಗಳನ್ನು ತೆಗೆದುಕೊಳ್ಳಲು ಹೇಳಿದನು. ತನ್ನ ಆಪ್ತಮಿತ್ರನ ಪ್ರಶ್ನೆಯನ್ನು ವಿಶ್ವಪ್ರಭುವೇ ಸಹಿಸಿ ಉತ್ತರಿಸಿರುವಾಗ, ಹದಿನಾರರ ಹುಡುಗನ ಪ್ರಶ್ನೆಯನ್ನು ಸಹಿಸದ ನಮ್ಮ ಹಿರಿಯರ ಗತ್ತು ಎಲ್ಲಿಂದ ಬಂದದ್ದು?

ಇಮಾಮ್ ಗಝಾಲಿ(ರಹ್) ಇದನ್ನು ತಮ್ಮ ಬದುಕಿನಲ್ಲೇ ಅನುಭವಿಸಿದವರು. ಬಾಗ್ದಾದಿನ ನಿಝಾಮಿಯ್ಯಾ ವಿದ್ಯಾಪೀಠದ ಪ್ರಧಾನ ಗುರುವಾಗಿದ್ದ ಅವರು 1095ರಲ್ಲಿ ಆ ಪದವಿಯನ್ನೆಲ್ಲ ಬಿಟ್ಟು ಹೊರನಡೆದರು. ತಮ್ಮ ಆತ್ಮಕಥನದಲ್ಲಿ ಅವರು ತಮ್ಮ ಎಳೆಯ ವಯಸ್ಸಿನ ಒಂದು ಅವಲೋಕನವನ್ನು ದಾಖಲಿಸಿದ್ದಾರೆ. ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿಯೂ, ಯಹೂದಿಯರ ಮಕ್ಕಳು ಯಹೂದಿಯರಾಗಿಯೂ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿಯೂ ಬೆಳೆಯುವುದನ್ನು ಅವರು ಕಂಡರು. ಪ್ರತಿ ಮಗುವೂ ಸಹಜ ಪ್ರಕೃತಿಯಲ್ಲಿ ಹುಟ್ಟುತ್ತದೆ, ಹೆತ್ತವರು ಅದನ್ನು ಯಹೂದಿ, ಕ್ರೈಸ್ತ ಅಥವಾ ಅಗ್ನಿಪೂಜಕನನ್ನಾಗಿ ಮಾಡುತ್ತಾರೆ ಎಂಬ ಅರ್ಥದ ಪ್ರವಾದಿವಚನವೂ ಅವರ ನೆನಪಿಗೆ ಬಂತು. ಹಾಗಾದರೆ ಹೆತ್ತವರಿಂದ ಬಂದದ್ದು ಯಾವುದು, ಸಹಜ ಪ್ರಕೃತಿಯಿಂದ ಬಂದದ್ದು ಯಾವುದು ಎಂದು ಅವರು ಹುಡುಕತೊಡಗಿದರು. ಅಂದಿನಿಂದ ಅಂಧಾನುಕರಣೆಯ ಕಟ್ಟು ಅವರಲ್ಲಿ ಸಡಿಲಾಯಿತು. ಆ ಹುಡುಕಾಟದ ಫಲವನ್ನು ಸಮುದಾಯವು ಒಂಬತ್ತು ಶತಮಾನಗಳಿಂದ ಉಣ್ಣುತ್ತಿದೆ. ಅಂದು ಮನೆಯ ಹಿರಿಯರು ಅವರ ಬಾಯಿ ಮುಚ್ಚಿಸಿದ್ದರೆ ನಮಗೆ ಗಝಾಲಿ ಸಿಗುತ್ತಿರಲಿಲ್ಲ.

ಸ್ವಾನುಭವದ ಕ್ರೈಸ್ತ ವಿಶ್ವಾಸದ ಮಾತು ಬಂದಾಗ ನಮ್ಮ ಇತಿಹಾಸವು ಅದಕ್ಕೆ ಬೆನ್ನು ತಿರುಗಿಸಿಲ್ಲ. ಸಲ್ಮಾನ್ ಫಾರಿಸಿ(ರ) ಇಸ್ಫಹಾನಿನ ಬಳಿಯ ಹಳ್ಳಿಯೊಂದರ ಮುಖ್ಯಸ್ಥನ ಮಗ, ಪವಿತ್ರಾಗ್ನಿಯನ್ನು ಕಾಯುತ್ತಿದ್ದವರು. ತಂದೆ ಹೊಲಕ್ಕೆ ಕಳುಹಿಸಿದಾಗ ದಾರಿಯ ಚರ್ಚಿನಲ್ಲಿ ಕ್ರೈಸ್ತರ ಪ್ರಾರ್ಥನೆಯನ್ನು ಕೇಳಿ ಸಂಜೆಯವರೆಗೆ ಅಲ್ಲೇ ನಿಂತರು. ನಿನ್ನ ಮತ್ತು ನಿನ್ನ ಪೂರ್ವಿಕರ ಧರ್ಮವೇ ಮೇಲು ಎಂದು ತಂದೆ ಹೇಳಿದರು. ಮಗ ಒಪ್ಪದಿದ್ದಾಗ ಕಾಲಿಗೆ ಬೇಡಿ ಹಾಕಿದರು. ಸಲ್ಮಾನ್ ಬೇಡಿ ಕಳಚಿಕೊಂಡು ಸಿರಿಯಾಕ್ಕೆ ಹೋದರು. ಅಲ್ಲಿ ಅವರು ಸೇವೆಗೆ ನಿಂತ ಮೊದಲ ಧರ್ಮಾಧಿಕಾರಿಯು ಬಡವರ ದಾನವನ್ನು ತಾನೇ ಗುಡ್ಡೆ ಹಾಕಿಕೊಂಡವನಾಗಿದ್ದ. ಅವನು ಸತ್ತಾಗ ಬೆಳ್ಳಿ-ಬಂಗಾರ ತುಂಬಿದ ಏಳು ಹಂಡೆಗಳನ್ನು ಸಲ್ಮಾನ್ ಜನರಿಗೆ ತೋರಿಸಿದರು.

ಇಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಧರ್ಮಾಧಿಕಾರಿ ಕಳ್ಳನೆಂದು ತಿಳಿದ ಮೇಲೂ ಸಲ್ಮಾನ್ ದೇವನನ್ನು ಬಿಡಲಿಲ್ಲ. ಅವನ ಸ್ಥಾನಕ್ಕೆ ಬಂದ ಸಜ್ಜನನ ಜೊತೆಗಿದ್ದರು. ಬಳಿಕ ಮೋಸುಲ್, ನಸೀಬೀನ್, ಅಮ್ಮೂರಿಯಾಗಳಲ್ಲಿ ಒಬ್ಬರಾದ ಮೇಲೊಬ್ಬ ಸಾತ್ವಿಕ ಕ್ರೈಸ್ತ ಗುರುಗಳ ಬಳಿ ಕಲಿತರು. ಎರವಲು ವಿಶ್ವಾಸವಿದ್ದವನು ಒಬ್ಬ ಮೌಲವಿಯೋ ಪಾದ್ರಿಯೋ ದಾರಿ ತಪ್ಪಿದೊಡನೆ ದೇವನಿಗೇ ವಿದಾಯ ಹೇಳುತ್ತಾನೆ. ಸ್ವಂತ ವಿಶ್ವಾಸವಿದ್ದವನಿಗೆ ಮನುಷ್ಯನ ಪತನವು ದೇವನ ಪತನವಾಗಿ ಕಾಣುವುದಿಲ್ಲ. ಕೊನೆಯ ಗುರುವು ಬರಲಿರುವ ಪ್ರವಾದಿಯ ಕುರುಹುಗಳನ್ನು ತಿಳಿಸಿದಾಗ ಸಲ್ಮಾನ್ ಅರೇಬಿಯಾಕ್ಕೆ ಹೊರಟರು. ದಾರಿಯಲ್ಲಿ ಗುಲಾಮರಾಗಿ ಮಾರಲ್ಪಟ್ಟು ಮದೀನಾ ಸೇರಿದರು. ಅಲ್ಲಿಯೂ ಅವರು ಕೇಳಿದ್ದನ್ನು ಹಾಗೆಯೇ ನಂಬಲಿಲ್ಲ. ದಾನವೆಂದು ಆಹಾರ ಕೊಟ್ಟು ನೋಡಿದರು, ಪ್ರವಾದಿ(ಸ) ಅದನ್ನು ತಿನ್ನಲಿಲ್ಲ. ಉಡುಗೊರೆಯೆಂದು ಕೊಟ್ಟು ನೋಡಿದರು, ತಿಂದರು. ಹೆಗಲುಗಳ ನಡುವಿನ ಮುದ್ರೆಯನ್ನು ಹುಡುಕಿ ನೋಡಿದರು. ತನ್ನನ್ನು ಹೀಗೆ ಪರೀಕ್ಷಿಸಿದವನ ಮೇಲೆ ಪ್ರವಾದಿ(ಸ) ಕೋಪಗೊಳ್ಳಲಿಲ್ಲ. ಅವರ ಬಿಡುಗಡೆಗಾಗಿ ನೆಡಬೇಕಾಗಿದ್ದ ಮುನ್ನೂರು ಖರ್ಜೂರದ ಸಸಿಗಳನ್ನು ತಮ್ಮ ಕೈಯಾರೆ ನೆಟ್ಟರು.

ಹುಡುಕುವವನ ದಾರಿಯನ್ನು ಅಲ್ಲಾಹನು ವ್ಯರ್ಥಗೊಳಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೇ? ಅಬಿಸೀನಿಯಾದ ಕ್ರೈಸ್ತ ದೊರೆ ನಜ್ಜಾಶಿ, ಜಅ್‌ಫರ್(ರ)ರ ಬಾಯಿಂದ ಮರ್ಯಮ್ ಅಧ್ಯಾಯವನ್ನು ಕೇಳಿ ಗಡ್ಡ ತೋಯುವಂತೆ ಅತ್ತನು. ಸತ್ಯವನ್ನು ಗುರುತಿಸಿ ಕಣ್ಣೀರು ಸುರಿಸುವ ಅಂಥ ಕ್ರೈಸ್ತರನ್ನು ಕುರ್‌ಆನ್ ಪ್ರಶಂಸಿಸಿದೆ (5:82-83). ಅಲ್ಲಿ ಪ್ರಶಂಸೆಗೆ ಪಾತ್ರವಾದದ್ದು ಅವರ ಮನೆತನವಲ್ಲ. ಅವರ ಹೃದಯದ ಎಚ್ಚರ.

ಇನ್ನು ನಮ್ಮ ನೆಲಕ್ಕೇ ಬರೋಣ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ 1892ರಲ್ಲಿ ಇವುಗಳನ್ನು ಬೆಳಕಿಗೆ ತಂದರು. ನಮ್ಮ ಮಕ್ಕಳು ಶಾಲಾ ಪ್ರವಾಸದಲ್ಲಿ ಇವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿ ಏನು ಕೆತ್ತಿದೆ ಎಂದು ಕೇಳುವವರು ವಿರಳ. ತಾನು ಉಪಾಸಕನಾಗಿ ಎರಡೂವರೆ ವರ್ಷಗಳ ಮೇಲಾಯಿತು, ಆದರೆ ಒಂದು ವರ್ಷ ಕಾಲ ಹೆಚ್ಚಿನ ಪ್ರಯತ್ನವನ್ನೇ ಮಾಡಲಿಲ್ಲ, ಸಂಘದ ಬಳಿಗೆ ಹೋದ ಮೇಲೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ತೀವ್ರವಾಗಿ ಶ್ರಮಿಸಿದ್ದೇನೆ ಎಂದು ಆ ದೊರೆ ಅಲ್ಲಿ ಹೇಳಿಕೊಂಡಿದ್ದಾನೆ. ಈ ಫಲವು ದೊಡ್ಡವರಿಗೆ ಮಾತ್ರ ಸಲ್ಲುವುದಲ್ಲ, ಶ್ರಮಿಸಿದರೆ ಸಣ್ಣವರಿಗೂ ಸಿಗುತ್ತದೆ ಎಂದೂ ಸಾರಿದ್ದಾನೆ.

ಅಶೋಕನ ಧರ್ಮ ನಮ್ಮ ಧರ್ಮವಲ್ಲ. ಆದರೂ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ನಮ್ಮದೇ ಗುಡ್ಡದಲ್ಲಿ ಒಬ್ಬ ಚಕ್ರವರ್ತಿಯು ಹೆಸರಿಗೆ ಮಾತ್ರದ ಅನುಯಾಯಿತನಕ್ಕೂ ಪ್ರಯತ್ನಪೂರ್ವಕವಾದ ಅನುಯಾಯಿತನಕ್ಕೂ ಇರುವ ಅಂತರವನ್ನು ಕಲ್ಲಿನಲ್ಲಿ ಬರೆಸಿದ್ದಾನೆ. ಕಾಲವನ್ನು ಲೆಕ್ಕವಿಟ್ಟು, ಇಷ್ಟು ದಿನ ಬರೇ ಹೆಸರಿಗಿದ್ದೆ ಎಂದು ಪ್ರಜೆಗಳ ಮುಂದೆ ಹೇಳುವ ಎದೆಗಾರಿಕೆ ಅವನಿಗಿತ್ತು. ನಮ್ಮಲ್ಲಿ ಎಷ್ಟು ಕುಟುಂಬಗಳು ಈ ಲೆಕ್ಕವನ್ನು ಮಾಡಿಕೊಂಡಿವೆ? ಐವತ್ತು ವರ್ಷದ ಒಬ್ಬ ವ್ಯಕ್ತಿ ತನ್ನ ಆಯುಸ್ಸಿನಲ್ಲಿ ಹೆಸರಿನ ವರ್ಷಗಳೆಷ್ಟು, ಶ್ರಮದ ವರ್ಷಗಳೆಷ್ಟು ಎಂದು ಬಿಡಿಸಿ ಹೇಳಬಲ್ಲನೇ?

ಕ್ರೈಸ್ತ ಸಮುದಾಯದಲ್ಲೂ ಈ ಜಾಗೃತಿ ತಾನಾಗಿ ಬಂದದ್ದಲ್ಲ. ಶಿಶುವಾಗಿದ್ದಾಗ ದೀಕ್ಷಾಸ್ನಾನ, ಚರ್ಚಿನ ದಫ್ತರದಲ್ಲಿ ಹೆಸರು, ಸತ್ತಾಗ ಚರ್ಚಿನ ಸ್ಮಶಾನ ಎಂಬ ಪರಿಪಾಠವು ಅಲ್ಲಿಯೂ ಇತ್ತು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಪಯಟಿಸ್ಟ್ ಸುಧಾರಕರು ಇದರ ವಿರುದ್ಧ ದನಿಯೆತ್ತಿದರು. ದಫ್ತರದ ಹೆಸರು ಸಾಲದು, ಪ್ರತಿಯೊಬ್ಬನೂ ಗ್ರಂಥವನ್ನು ತಾನೇ ಓದಿ ತಾನೇ ಪಶ್ಚಾತ್ತಾಪ ಪಡಬೇಕು ಎಂದರು. ಆ ಪರಂಪರೆಯಿಂದ ಬಂದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಕಾಲಿಟ್ಟಿತು. ಅದರ ಶಾಲೆಯಲ್ಲಿ ಓದುತ್ತಿದ್ದ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷೆ ಪಡೆದದ್ದು ಆ ಕಾಲದ ದೊಡ್ಡ ಸುದ್ದಿ. ಇಂಗ್ಲೆಂಡಿನ ಜಾನ್ ವೆಸ್ಲಿಯಂತೂ ಅದಾಗಲೇ ಪಾದ್ರಿಯಾಗಿದ್ದವರು, ಅಮೆರಿಕಕ್ಕೆ ಹೋಗಿ ಬೋಧಿಸಿ ಬಂದಿದ್ದವರು. ಆದರೂ ತಮ್ಮ ವಿಶ್ವಾಸ ತಮ್ಮದಾದದ್ದು 1738ರ ಮೇ ತಿಂಗಳ ಒಂದು ಸಂಜೆ ಲಂಡನ್ನಿನ ಸಭೆಯೊಂದರಲ್ಲಿ ಎಂದು ಅವರು ದಾಖಲಿಸಿದ್ದಾರೆ.

ನಮ್ಮ ನೆರೆಯ ಬಳ್ಳಾರಿಯ ಕಥೆ ಇನ್ನೂ ಹತ್ತಿರದ್ದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಬೈಬಲನ್ನು ಕನ್ನಡಕ್ಕೆ ತರಲು ವರ್ಷಾನುಗಟ್ಟಲೆ ದುಡಿದರು. ವಸಾಹತು ಆಡಳಿತದ ನೆರಳಿನಲ್ಲಿ ನಡೆದ ಮಿಷನ್ ಚಟುವಟಿಕೆಗಳ ಬಗ್ಗೆ ನಮಗೆ ಬೇಕಾದಷ್ಟು ಆಕ್ಷೇಪಗಳಿವೆ. ಆದರೆ ಒಂದು ಸತ್ಯವನ್ನು ಅವರು ಅರಿತಿದ್ದರು: ಮನುಷ್ಯನ ಹೃದಯಕ್ಕೆ ಹೋಗುವ ದಾರಿ ಅವನಿಗೆ ಅರ್ಥವಾಗುವ ಭಾಷೆಯ ಮೂಲಕವೇ ಹಾದುಹೋಗುತ್ತದೆ. ಪ್ರತಿಯೊಬ್ಬ ಸಂದೇಶವಾಹಕನನ್ನೂ ಅವನ ಜನರ ಭಾಷೆಯಲ್ಲೇ ಕಳುಹಿಸಲಾಗಿದೆ ಎಂದು ನಮ್ಮ ಕುರ್‌ಆನೇ (14:4) ಹೇಳಿದ್ದ ಈ ಸತ್ಯವನ್ನು ಬಳ್ಳಾರಿಯಲ್ಲಿ ದೂರದೇಶದಿಂದ ಬಂದ ಒಬ್ಬ ಪಾದ್ರಿ ಆಚರಣೆಗೆ ತಂದರು. ನಮ್ಮ ಊರುಗಳಲ್ಲಿ ಅದು ಇನ್ನೂ ಚರ್ಚೆಯ ವಿಷಯವಾಗಿಯೇ ಉಳಿದಿದೆ.

ನಮ್ಮ ಊರುಗಳ ಒಂದು ಮಗುವಿನ ದಿನಚರಿಯನ್ನು ಗಮನಿಸಿರಿ. ಮನೆಯಲ್ಲಿ ದಖನಿ ಮಾತನಾಡುತ್ತದೆ. ಶಾಲೆಯಲ್ಲಿ ಕನ್ನಡವನ್ನು ಓದಿ ಬರೆಯುತ್ತದೆ. ಮಕ್ತಬಿನಲ್ಲಿ ಅರಬಿ ಅಕ್ಷರಗಳನ್ನು ಅರ್ಥವಿಲ್ಲದೆ ಉಚ್ಚರಿಸುತ್ತದೆ. ಶುಕ್ರವಾರ ಮಿಂಬರಿನಿಂದ ಗ್ರಾಂಥಿಕ ಉರ್ದುವಿನ ಬಯಾನ್ ಕೇಳುತ್ತದೆ. ಮಾತನಾಡುವ ಭಾಷೆ ಒಂದು, ಓದುವ ಭಾಷೆ ಇನ್ನೊಂದು, ಆರಾಧಿಸುವ ಭಾಷೆ ಮತ್ತೊಂದು, ಉಪದೇಶ ಕೇಳುವ ಭಾಷೆ ಮಗದೊಂದು. ಮಗುವಿಗೆ ಸರಾಗವಾಗಿ ಓದಿ ಅರ್ಥಮಾಡಿಕೊಳ್ಳಲು ಬರುವ ಏಕೈಕ ಭಾಷೆಯಾದ ಕನ್ನಡದಲ್ಲಿ ಮಾತ್ರ ಅದಕ್ಕೆ ದೀನಿನ ಒಂದು ಪುಟವೂ ಸಿಗುವುದಿಲ್ಲ. ಮಂಗಳೂರಿನ ಶಾಂತಿ ಪ್ರಕಾಶನವು ಕುರ್‌ಆನಿನ ಕನ್ನಡ ಅನುವಾದವನ್ನು ಪ್ರಕಟಿಸಿ ಎಷ್ಟೋ ವರ್ಷಗಳಾದವು. ಆ ಪ್ರತಿಯನ್ನು ಮುಸ್ಲಿಮೇತರ ಅಧಿಕಾರಿಗಳಿಗೆ, ಅತಿಥಿಗಳಿಗೆ ಶಾಲು ಹೊದಿಸಿ ಉಡುಗೊರೆಯಾಗಿ ಕೊಡುವ ಮನೆಗಳುಂಟು. ಅದೇ ಮನೆಯ ಮಗಳು ಅದನ್ನು ತೆರೆದು ಓದಿರುವುದಿಲ್ಲ.

ಹೀಗೆ ಬೆಳೆದ ಮಗು ಹಾಸ್ಟೆಲಿಗೆ ಹೋದಾಗ ಏನಾಗುತ್ತದೆ? ಯಾರೂ ದೀನನ್ನು ಘೋಷಿಸಿ ಬಿಡುವುದಿಲ್ಲ. ಮೊದಲು ಫಜ್ರ್ ಹೋಗುತ್ತದೆ, ಬಳಿಕ ಶುಕ್ರವಾರ ಮಾತ್ರ ಉಳಿಯುತ್ತದೆ, ಬಳಿಕ ಎರಡು ಹಬ್ಬಗಳು ಉಳಿಯುತ್ತವೆ. ಕೊನೆಗೆ ಉಳಿಯುವುದು ಹೆಸರು ಮತ್ತು ಸಿಟ್ಟು. ದೀನಿನ ವಿಷಯದಲ್ಲಿ ಏನೂ ತಿಳಿಯದವನು ದೀನಿನ ಹೆಸರಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುವುದನ್ನು ನಾವು ದಿನವೂ ಕಾಣುತ್ತಿದ್ದೇವೆ. ಮನೆಯಲ್ಲಿ ಉತ್ತರ ಸಿಗದ ಪ್ರಶ್ನೆಗೆ ಮಗಳು ಮೊಬೈಲಿನಲ್ಲಿ ಉತ್ತರ ಹುಡುಕುತ್ತಾಳೆ. ಅಲ್ಲಿ ಉತ್ತರ ಹೇಳುವವನಿಗೆ ಅವಳ ಪರಲೋಕದ ಚಿಂತೆ ಇರುವುದಿಲ್ಲ.

ಇನ್ನೊಂದು ವಿಪರ್ಯಾಸವನ್ನು ಹೇಳದೆ ಮುಂದೆ ಹೋಗಲಾಗದು. ವಿಶ್ವಾಸವನ್ನು ಪಿತ್ರಾರ್ಜಿತವೆಂದು ಭಾವಿಸುವ ಎಷ್ಟೋ ಮನೆಗಳಲ್ಲಿ ನಿಜವಾದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಕುರ್‌ಆನ್ ವಿಧಿಸಿದ ಪಾಲು ಸಲ್ಲುವುದಿಲ್ಲ. ಮದುವೆಗೆ ಖರ್ಚು ಮಾಡಿದ್ದೇವೆ ಎಂಬ ನೆಪದಲ್ಲಿ ಶೇಂಗಾ ಹೊಲವೂ ಅಂಗಡಿಯೂ ಗಂಡುಮಕ್ಕಳ ಹೆಸರಿಗೆ ಹೋಗುತ್ತವೆ. ಅಲ್ಲಾಹನು ಹಂಚಿರಿ ಎಂದದ್ದನ್ನು ಹಂಚುವುದಿಲ್ಲ. ಹಂಚಲಾಗದ್ದನ್ನು ಹಂಚಿ ಮುಗಿಸಿದೆವೆಂದು ನಿಶ್ಚಿಂತರಾಗುತ್ತಾರೆ. ಎರವಲು ವಿಶ್ವಾಸದ ಸ್ವರೂಪವೇ ಹೀಗೆ. ಅದು ತನಗೆ ಖರ್ಚಾಗುವ ಯಾವ ಆಜ್ಞೆಯನ್ನೂ ಗುರುತಿಸುವುದಿಲ್ಲ.

ನಮ್ಮ ಈ ವಾದಕ್ಕೆ ಬರುವ ಆಕ್ಷೇಪಗಳನ್ನು ನಾವು ಬಲ್ಲೆವು. ಪ್ರಶ್ನೆಗಳಿಗೆ ಬಾಗಿಲು ತೆರೆದರೆ ಸಂಶಯ ಹೊಕ್ಕೀತು ಎಂಬುದು ಮೊದಲನೆಯದು. ಸಂಶಯವು ಬಾಗಿಲು ಬಡಿದು ಬರುವ ಅತಿಥಿಯಲ್ಲ. ಅದು ಈಗಾಗಲೇ ಒಳಗಿದೆ, ಬಾಯಿ ಮುಚ್ಚಿ ಕುಳಿತಿದೆ. ಪ್ರವಾದಿ(ಸ)ರ ಕೆಲವು ಸಂಗಾತಿಗಳು ಬಂದು, ನಾಲಿಗೆಯಿಂದ ಹೇಳಲೂ ಭಯವಾಗುವಂಥ ಆಲೋಚನೆಗಳು ತಮ್ಮ ಮನಸ್ಸಿನಲ್ಲಿ ಬರುತ್ತವೆ ಎಂದರು. ಅದನ್ನು ಹೇಳಲು ನಿಮಗಾಗುವ ಆ ಭಯವೇ ಸ್ಪಷ್ಟ ಈಮಾನ್ ಎಂಬ ಅರ್ಥದಲ್ಲಿ ಪ್ರವಾದಿ(ಸ) ಅವರನ್ನು ಸಂತೈಸಿದರೆಂದು ಸಹೀಹ್ ಮುಸ್ಲಿಮ್ ಗ್ರಂಥದಲ್ಲಿದೆ. ಅವರು ಬಂದು ಹೇಳಿಕೊಳ್ಳಲು ಸಾಧ್ಯವಾದದ್ದು ಅಲ್ಲಿ ಕೇಳುವ ಕಿವಿ ಇದ್ದುದರಿಂದ. ನಮ್ಮ ಮಕ್ಕಳಿಗೆ ಅಂಥ ಕಿವಿ ಎಲ್ಲಿದೆ? ಜಿಬ್ರೀಲ್(ಅ) ಬಂದು ದೀನನ್ನು ಕಲಿಸಿದ ಪ್ರಸಿದ್ಧ ಹದೀಸ್ ಕೂಡ ಪ್ರಶ್ನೋತ್ತರದ ರೂಪದಲ್ಲೇ ಇದೆ ಎಂಬುದನ್ನು ಮರೆಯಬಾರದು.

ಓದು-ಬರಹ ಬಾರದ ನಮ್ಮ ಅಜ್ಜಿಯಂದಿರ ಈಮಾನ್ ಹಾಗಾದರೆ ಎರವಲಿನದೇ ಎಂಬುದು ಎರಡನೆಯ ಆಕ್ಷೇಪ. ಖಂಡಿತವಾಗಿಯೂ ಅಲ್ಲ. ಸ್ವಂತ ವಿಶ್ವಾಸವೆಂದರೆ ಪುಸ್ತಕದ ಪಾಂಡಿತ್ಯವಲ್ಲ. ಬರಗಾಲದ ವರ್ಷದಲ್ಲಿ ಮಳೆಗಾಗಿ ಕಾದು, ಬಿತ್ತಿದ್ದು ಒಣಗಿದಾಗಲೂ ನಡುರಾತ್ರಿ ಎದ್ದು ತಹಜ್ಜುದ್‌ಗೆ ನಿಂತು, ತನ್ನ ಪ್ರಭುವಿನೊಂದಿಗೆ ತನ್ನದೇ ಮಾತಿನಲ್ಲಿ ಅತ್ತ ಅಜ್ಜಿಯು ಯಾವ ವಿದ್ವಾಂಸನಿಗಿಂತಲೂ ಹೆಚ್ಚು ನೇರವಾಗಿ ಬಲ್ಲವಳು. ಕುರ್‌ಆನ್ ದೃಢನಂಬಿಕೆಯನ್ನು ಅರಿವಿನ ನಂಬಿಕೆ, ಕಣ್ಣಾರೆ ಕಂಡ ನಂಬಿಕೆ ಎಂದೆಲ್ಲ ಹೆಸರಿಸಿದೆ (102:5-7). ಅಜ್ಜಿ ತನ್ನ ಬದುಕಿನಲ್ಲಿ ಅದನ್ನು ಉಂಡವಳು. ಮೊಮ್ಮಗನು ಅಜ್ಜಿಯ ತಸ್ಬೀಹನ್ನು ಗೋಡೆಗೆ ತೂಗುಹಾಕಿ ಅಜ್ಜಿಯ ಈಮಾನ್ ತನಗೆ ಬಂತೆಂದು ಭಾವಿಸುತ್ತಾನಲ್ಲ, ನಮ್ಮ ಜಗಳ ಅವನೊಂದಿಗೆ.

ಮೂರನೆಯ ಆಕ್ಷೇಪ ಭಾಷೆಯದು. ಕನ್ನಡ ಬಂದರೆ ಅರಬಿ, ಉರ್ದು ಹೋದಾವೆಂಬ ಭಯ. ನಮಾಝಿನ ಅರಬಿ ಎಲ್ಲಿಗೂ ಹೋಗುವುದಿಲ್ಲ. ಅದು ಇಡೀ ಜಗತ್ತಿನ ಮುಸ್ಲಿಮರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವ ಬಂಧ. ಉರ್ದುವಿನ ಜ್ಞಾನಭಂಡಾರವನ್ನೂ ಯಾರೂ ತಿರಸ್ಕರಿಸಬೇಕಾಗಿಲ್ಲ. ಆದರೆ ಮಗು ಸೂರಃ ಫಾತಿಹಾವನ್ನು ದಿನಕ್ಕೆ ಹದಿನೇಳು ಬಾರಿ ಕಡ್ಡಾಯ ನಮಾಝಿನಲ್ಲೇ ಓದುವಾಗ, ತಾನು ಏನು ಬೇಡುತ್ತಿದ್ದೇನೆ ಎಂದು ತಿಳಿಯದೆ ಬೇಡುವುದನ್ನು ಯಾವ ಭಾಷಾಭಿಮಾನವೂ ಸಮರ್ಥಿಸಲಾರದು.

ಇಷ್ಟು ಹೇಳಿದ ಮೇಲೆ ನಮ್ಮ ಕ್ರೈಸ್ತ ಸ್ನೇಹಿತರೊಂದಿಗಿನ ನಮ್ಮ ಭಿನ್ನಾಭಿಪ್ರಾಯವನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಅವರ ಪ್ರಶ್ನೆಯನ್ನು ನಾವು ಗೌರವಿಸುತ್ತೇವೆ. ಆದರೆ ಹೃದಯಕ್ಕೆ ಹಿತವೆನಿಸಿತು, ಕಣ್ಣು ತುಂಬಿ ಬಂತು ಎಂಬುದನ್ನೇ ಸತ್ಯದ ಪುರಾವೆಯೆಂದು ಅವರಲ್ಲಿ ಕೆಲವರು ಹೇಳುವಾಗ ನಾವು ಒಪ್ಪಲಾರೆವು. ಅಂಥ ಅನುಭವ ಎಲ್ಲ ಧರ್ಮಗಳ ಜನರಿಗೂ ಆಗುತ್ತದೆ. ಎಲ್ಲರಿಗೂ ಆಗುವುದು ಯಾವುದು ಸತ್ಯವೆಂದು ತೂಗುವ ತಕ್ಕಡಿಯಾಗಲಾರದು. ಸತ್ಯವಂತರಾಗಿದ್ದರೆ ಪುರಾವೆ ತನ್ನಿರಿ ಎಂಬುದು ಕುರ್‌ಆನಿನ ಕರೆ (2:111). ಅಲ್ಲಾಹನ ಹೊರತು ಬೇರೆ ಆರಾಧ್ಯನಿಲ್ಲ ಎಂಬುದನ್ನು ಅರಿತುಕೋ ಎನ್ನುವಾಗಲೂ (47:19) ಅದು ಅರಿವನ್ನೇ ಮುಂದಿಟ್ಟಿದೆ. ಮಾತಿಗೂ ಕರ್ಮಕ್ಕೂ ಮೊದಲು ಅರಿವು ಎಂಬ ಶೀರ್ಷಿಕೆಯ ಅಧ್ಯಾಯವೇ ಇಮಾಮ್ ಬುಖಾರಿ(ರಹ್)ಯವರ ಗ್ರಂಥದಲ್ಲಿದೆ. ನಮ್ಮಲ್ಲೂ ಜಲ್ಸಾದ ರಾತ್ರಿ ಬಿಕ್ಕಿ ಅತ್ತು, ಬೆಳಿಗ್ಗೆ ಫಜ್ರ್‌ಗೆ ಏಳದವರಿದ್ದಾರೆ. ಅಂಥ ಕಣ್ಣೀರನ್ನೂ ನಾವು ಸ್ವಂತ ವಿಶ್ವಾಸವೆಂದು ಕರೆಯುವುದಿಲ್ಲ.

ವಿಶ್ವಾಸ ಸ್ವಂತದ್ದಾಗಿದೆಯೇ ಎಂಬುದನ್ನು ಪರೀಕ್ಷಿಸುವ ಸ್ಥಳ ಜಲ್ಸಾದ ಪೆಂಡಾಲಲ್ಲ. ಅದು ಚಳ್ಳಕೆರೆಯ ಮಾರುಕಟ್ಟೆ. ಎಣ್ಣೆ ಗಿರಣಿಗಳ ಈ ಊರಿನಲ್ಲಿ ಶೇಂಗಾ ಕೊಳ್ಳುವವನು ಚೀಲದ ಮೇಲಿನ ಹೆಸರನ್ನು ನೋಡಿ ಬೆಲೆ ಕಟ್ಟುವುದಿಲ್ಲ. ಹಿಡಿಯಷ್ಟು ತೆಗೆದು ಸುಲಿದು ಕಾಳು ನೋಡುತ್ತಾನೆ, ಹಸಿಯೋ ಒಣಗಿದ್ದೋ, ಜೊಳ್ಳೋ ಗಟ್ಟಿಯೋ ಎಂದು ಪರೀಕ್ಷಿಸುತ್ತಾನೆ. ಯಾರೂ ನೋಡದಿರುವಾಗ ತಕ್ಕಡಿಯನ್ನು ನೇರವಾಗಿ ಹಿಡಿಯುವವನು, ಅಳತೆಯಲ್ಲಿ ವಂಚಿಸುವವರಿಗೆ ವಿನಾಶವಿದೆ ಎಂಬ ಸೂಕ್ತ (83:1-3) ತನಗೇ ಅವತೀರ್ಣವಾಗಿದೆ ಎಂದು ಅರಿತವನು, ಅಂಥವನ ಈಮಾನ್ ಅವನದೇ. ದೇವನನ್ನು ನೀನು ಕಾಣುತ್ತಿರುವಂತೆ ಆರಾಧಿಸು, ನೀನು ಕಾಣದಿದ್ದರೂ ಅವನು ನಿನ್ನನ್ನು ಕಾಣುತ್ತಿದ್ದಾನೆ ಎಂದು ಪ್ರವಾದಿ(ಸ) ಇಹ್ಸಾನನ್ನು ವಿವರಿಸಿದ್ದು ಇದೇ ಅರ್ಥದಲ್ಲಿ.

ಆದ್ದರಿಂದ ನಮ್ಮ ಒತ್ತಾಯಗಳು ಸರಳವಾಗಿವೆ. ಪ್ರತಿ ಮನೆಯಲ್ಲಿ ರಾತ್ರಿ ಊಟದ ಬಳಿಕ ಒಂದು ಸೂಕ್ತವನ್ನು ಅರಬಿಯಲ್ಲಿ ಓದಿ ಅದರ ಅರ್ಥವನ್ನು ಕನ್ನಡದಲ್ಲಿ ಓದಲಿ. ಓದುವವರು ತಂದೆಯೇ ಆಗಬೇಕೆಂದಿಲ್ಲ, ಒಂಬತ್ತನೆಯ ತರಗತಿಯ ಮಗಳು ಓದಲಿ, ತಂದೆ ಕೇಳಲಿ. ನಮ್ಮ ಮಸೀದಿಗಳ ಆಡಳಿತ ಸಮಿತಿಗಳು ಜುಮುಆದ ದಿನ ಹದಿನೈದು ನಿಮಿಷವಾದರೂ ಕನ್ನಡಕ್ಕೆ ಕೊಡಲಿ. ಮಕ್ತಬಿನಲ್ಲಿ ವಾರಕ್ಕೊಂದು ದಿನ ಮಕ್ಕಳು ಪ್ರಶ್ನೆ ಕೇಳಲೆಂದೇ ಮೀಸಲಾಗಿರಲಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲು ಉಸ್ತಾದರು ಹಿಂಜರಿಯದಿರಲಿ. ಇಮಾಮ್ ಮಾಲಿಕ್(ರಹ್)ರಂಥ ಮಹಾವಿದ್ವಾಂಸರು ತಮ್ಮಲ್ಲಿಗೆ ಬಂದ ಎಷ್ಟೋ ಪ್ರಶ್ನೆಗಳಿಗೆ ನನಗೆ ಗೊತ್ತಿಲ್ಲ ಎಂದೇ ಉತ್ತರಿಸಿದರೆಂಬ ವರದಿಗಳಿವೆ. ಆ ಮಾತಿನಿಂದ ಅವರ ಘನತೆ ಕುಂದಲಿಲ್ಲ. ಹಾಸ್ಟೆಲಿಗೆ ಹೊರಟ ಮಗನ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಗಳ ಜೊತೆಗೆ ಕನ್ನಡ ಅನುವಾದದ ಒಂದು ಕುರ್‌ಆನ್ ಇರಲಿ. ಕ್ರೈಸ್ತ ಗೆಳೆಯನು ಪ್ರಶ್ನೆ ಕೇಳಿದಾಗ ಓಡಿಹೋಗು ಎಂದು ಹೇಳಿ ಕಳುಹಿಸಬೇಡಿ. ಕುಳಿತು ಕೇಳು, ಅವನ ಮಾತನ್ನು ಗೌರವಿಸು, ನಿನ್ನ ಉತ್ತರವನ್ನು ನೀನೇ ಹುಡುಕು ಎಂದು ಹೇಳಿ ಕಳುಹಿಸಿ.

ಪುನರುತ್ಥಾನದ ದಿನ ಪ್ರತಿಯೊಬ್ಬನೂ ಅಲ್ಲಾಹನ ಮುಂದೆ ಒಂಟಿಯಾಗಿ ಬರುವನೆಂದು ಕುರ್‌ಆನ್ ಹೇಳಿದೆ (19:95). ಅಂದು ಯಾರ ಹೆಗಲಿನ ಭಾರವನ್ನೂ ಇನ್ನೊಬ್ಬರು ಹೊರುವುದಿಲ್ಲ. ತಂದೆಯ ನಮಾಝ್ ತಂದೆಯ ಲೆಕ್ಕಕ್ಕೆ, ಅಜ್ಜನ ಹಜ್ಜ್ ಅಜ್ಜನ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿ ಜಮಾಅತಿನ ಅಧ್ಯಕ್ಷರು ಬಂದು, ಇವರು ನಮ್ಮ ಮೊಹಲ್ಲಾದ ಹಳೆಯ ಮನೆತನದವರು ಎಂದು ಶಿಫಾರಸು ಮಾಡುವ ವ್ಯವಸ್ಥೆ ಇಲ್ಲ. ಆ ಒಂಟಿತನಕ್ಕೆ ನಮ್ಮ ಮಕ್ಕಳನ್ನು ಇಂದೇ ಸಜ್ಜುಗೊಳಿಸುವುದು ನಾವು ಅವರಿಗೆ ಬಿಟ್ಟುಹೋಗಬಹುದಾದ ಆಸ್ತಿಗಳಲ್ಲೆಲ್ಲ ಮಿಗಿಲಾದುದು.

ಅಲ್ಲಾಹನು ನಮ್ಮ ಮಕ್ಕಳಿಗೆ ಸತ್ಯವನ್ನು ಸತ್ಯವಾಗಿ ಕಾಣುವ ದೃಷ್ಟಿಯನ್ನೂ, ಅದನ್ನು ತಮ್ಮದಾಗಿಸಿಕೊಳ್ಳುವ ಧೈರ್ಯವನ್ನೂ, ಅವರ ಪ್ರಶ್ನೆಗಳನ್ನು ಆಲಿಸುವ ಸಹನೆಯನ್ನು ಹಿರಿಯರಿಗೂ ದಯಪಾಲಿಸಲಿ. ಆಮೀನ್.